ರಾಕ್‌ನಿಂದ ಬ್ಲೂಸ್‌ಗೆ ಹಿಮ್ಮುಖ ನಡಿಗೆ: ಕೇಳಿ ಕಲಿಯುವವರಿಗೆ ಸಮಗ್ರ ಮಾರ್ಗದರ್ಶಿ

ಅಮೆರಿಕದ ಕಪ್ಪು ಜನರ ಸಂಗೀತವಾದ ಬ್ಲೂಸ್ ಅಭ್ಯಾಸ ಮಾಡಬೇಕೆಂದು ಹೊರಟವರಿಗೆ ಸಾಮಾನ್ಯವಾಗಿ ಸಿಗುವ ಸಲಹೆ ಒಂದೇ: ಮಿಸಿಸಿಪ್ಪಿಯ ಹತ್ತಿ ಹೊಲದಿಂದ ಆರಂಭಿಸಿ, 1920ರ ದಶಕದ ರೆಕಾರ್ಡುಗಳನ್ನು ಕೇಳಿ, ಅಲ್ಲಿಂದ ಶಿಕಾಗೋಗೆ ಬನ್ನಿ, ಕೊನೆಗೆ ರಾಕ್ ಆಂಡ್ ರೋಲ್ ಗಾಯಕ ಎಲ್ವಿಸ್ ಪ್ರೆಸ್ಲಿ. ನಾನೂ ಹಾಗೆಯೇ ಆರಂಭಿಸಿ ಎರಡನೇ ವಾರಕ್ಕೆ ಕೈಬಿಟ್ಟೆ. ಹಳೆಯ ರೆಕಾರ್ಡಿನ ಕರಕರ ಸದ್ದು, ಕಿವಿಗೆ ಒಗ್ಗದ ಉಚ್ಚಾರಣೆ, ಹಾಡೆಲ್ಲ ಒಂದೇ ಬಗೆ ಎನ್ನಿಸುವ ದಣಿವು. ಮತ್ತೆ ಹಿಡಿದದ್ದು ತಿರುಗುಮುರುಗು ದಾರಿಯಲ್ಲಿ. ಈಗಾಗಲೇ ಮನಸ್ಸಿಗೆ ಹತ್ತಿರವಾದ ಒಂದು ರಾಕ್ ಆಂಡ್ ರೋಲ್ ಹಾಡನ್ನು ಹಿಡಿದು, ಇದನ್ನು ಇವನಿಗೆ ಯಾರು ಕಲಿಸಿದರು ಎಂದು ಕೇಳುತ್ತ ಹಿಂದಕ್ಕೆ ನಡೆದೆ. ನಮ್ಮಲ್ಲಿ ಹೊಸ ಗಾಯಕರೊಬ್ಬರು ಚೆನ್ನಾಗಿ ಹಾಡಿದರೆ ಮೊದಲು ಬರುವ ಪ್ರಶ್ನೆ, ‘ಯಾರ ಶಿಷ್ಯರು?’ ಎಂದಲ್ಲವೇ? ಈ ಮಾರ್ಗದರ್ಶಿ ಪೂರ್ತಿ ಆ ಒಂದು ಪ್ರಶ್ನೆಯ ಮೇಲೆ ನಿಂತಿದೆ.

ದಿನಕ್ಕೆ ಅರ್ಧ ಗಂಟೆಯಂತೆ ಎಂಟು ವಾರ ಇಟ್ಟುಕೊಳ್ಳಿ. ಒಳ್ಳೆಯ ಹೆಡ್‌ಫೋನ್, ಒಂದು ನೋಟ್‌ಪುಸ್ತಕ, ಇಂಟರ್ನೆಟ್ ಇದ್ದರೆ ಸಾಕು. ಎರಡನೆಯ ಹೆಜ್ಜೆಗೆ ಮಾತ್ರ ಹಾರ್ಮೋನಿಯಂ, ಕೊನೆಯ ಹೆಜ್ಜೆಗೆ ಒಂದು ಹಲಗೆ, ತಂತಿ ಮತ್ತು ಸೀಸೆಗಳು ಬೇಕು. ನೋಟ್‌ಪುಸ್ತಕದ ಎದುರುಬದುರು ಪುಟಗಳನ್ನು ಜೋಡಿಯಾಗಿ ಬಳಸಿ: ಬಲಪುಟದಲ್ಲಿ ಈಚಿನ ಹಾಡು, ಎಡಪುಟದಲ್ಲಿ ಅದಕ್ಕೂ ಹಿಂದಿನದು. ಪ್ರತಿ ಹಾಡಿಗೂ ಹಾಡಿದವರು, ಬರೆದವರೆಂದು ಮುದ್ರಣವಾದ ಹೆಸರು, ಧ್ವನಿಮುದ್ರಣದ ದಿನಾಂಕ, ಊರು, ಕಂಪನಿ, ಈ ಐದನ್ನೂ ತಪ್ಪದೆ ಬರೆಯಿರಿ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂಟಾ ಬಾರ್ಬರಾ ಗ್ರಂಥಾಲಯವು ಹಳೆಯ ಅಮೆರಿಕನ್ ಧ್ವನಿಮುದ್ರಣಗಳ ದೊಡ್ಡ ಸೂಚಿಯನ್ನು ಆನ್‌ಲೈನ್‌ನಲ್ಲಿ ಇಟ್ಟಿದೆ. ಬಹುಪಾಲು ಹಳೆಯ ರೆಕಾರ್ಡುಗಳ ವಿವರ ಅಲ್ಲಿ ಉಚಿತವಾಗಿ ಸಿಗುತ್ತದೆ.

ಮೊದಲ ಹೆಜ್ಜೆ: ಹನ್ನೆರಡನ್ನು ಬೆರಳಲ್ಲಿ ಎಣಿಸಿ

ಕೇಳುವ ಮೊದಲು ಎಣಿಸಲು ಬರಬೇಕು. ಬ್ಲೂಸ್‌ನ ಬಹುಪಾಲು ಹಾಡುಗಳ ಅಚ್ಚು ಹನ್ನೆರಡು ಬಾರ್‌ಗಳದು. ಒಂದು ಬಾರ್ ಎಂದರೆ ನಾಲ್ಕು ಎಣಿಕೆ. ಹನ್ನೆರಡು ಮುಗಿದರೆ ಒಂದು ಸುತ್ತು ಮುಗಿಯಿತು, ಹಾಡಿನ ಒಂದು ಪದ್ಯ ಮುಗಿಯಿತು.

ಜಪ ಎಣಿಸುವಾಗ ಹೆಬ್ಬೆರಳನ್ನು ಉಳಿದ ಬೆರಳುಗಳ ಗೆರೆಗಳ ಮೇಲೆ ಓಡಿಸುತ್ತೇವಲ್ಲ, ಅದೇ ಇಲ್ಲಿ ಕೆಲಸಕ್ಕೆ ಬರುತ್ತದೆ. ನಾಲ್ಕು ಬೆರಳು, ಬೆರಳಿಗೆ ಮೂರು ಭಾಗ, ಒಟ್ಟು ಹನ್ನೆರಡು. ಆದರೆ ಒಂದೊಂದು ಬೆರಳನ್ನು ಮುಗಿಸುತ್ತ ಹೋಗಬೇಡಿ, ಅಡ್ಡಡ್ಡವಾಗಿ ಹೋಗಿ. ತೋರುಬೆರಳಿನ ತುದಿಯಿಂದ ಕಿರುಬೆರಳಿನ ತುದಿಯವರೆಗೆ ನಾಲ್ಕು ಬಾರ್: ಇದು ಪದ್ಯದ ಮೊದಲ ಸಾಲು. ನಡುವಿನ ಭಾಗಗಳ ನಾಲ್ಕು ಎರಡನೆಯ ಸಾಲು, ಬುಡದ ನಾಲ್ಕು ಮೂರನೆಯ ಸಾಲು.

ಈಗ ಕಾರ್ಡ್‌ಗಳನ್ನು, ಎಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪುಗಳನ್ನು, ಸೇರಿಸಿ. ಮೇಲಿನ ಸಾಲು ನಾಲ್ಕೂ ಷಡ್ಜದ ಮೇಲೆ. ನಡುವಿನ ಸಾಲಿನಲ್ಲಿ ತೋರುಬೆರಳು ಮತ್ತು ನಡುಬೆರಳು ಮಧ್ಯಮಕ್ಕೆ ಏರುತ್ತವೆ, ಉಳಿದೆರಡು ಷಡ್ಜಕ್ಕೆ ಮರಳುತ್ತವೆ. ಕೆಳಸಾಲಿನಲ್ಲಿ ತೋರುಬೆರಳು ಪಂಚಮ, ನಡುಬೆರಳು ಮಧ್ಯಮ, ಕೊನೆಯ ಎರಡು ಮತ್ತೆ ಷಡ್ಜ. ಎಲ್ವಿಸ್ ಪ್ರೆಸ್ಲಿ 1956ರಲ್ಲಿ ಹಾಡಿದ ‘ಹೌಂಡ್ ಡಾಗ್’ ಹಾಕಿಕೊಂಡು ಹೆಬ್ಬೆರಳು ಓಡಿಸಿ. ಮಧ್ಯಮಕ್ಕೆ ಏರುವ ಕ್ಷಣದಲ್ಲಿ ನೆಲ ಸ್ವಲ್ಪ ಸರಿದಂತೆ ಎನ್ನಿಸುತ್ತದೆ. ಆ ಸರಿಯುವಿಕೆ ಕಣ್ಣು ಮುಚ್ಚಿಯೂ ಗೊತ್ತಾಗುವವರೆಗೆ ಬೇರೆ ಹಾಡಿಗೆ ಹೋಗಬೇಡಿ. ನನಗೆ ಮೂರು ದಿನ ಹಿಡಿಯಿತು.

ಪದ್ಯದ ಕಟ್ಟುವಿಕೆಯನ್ನೂ ಇದೇ ಬೆರಳುಗಳು ತೋರಿಸುತ್ತವೆ. ಹಳೆಯ ಬ್ಲೂಸ್‌ನಲ್ಲಿ ಮೊದಲ ಸಾಲನ್ನೇ ಎರಡನೆಯ ಸಾಲಾಗಿ ಮತ್ತೆ ಹಾಡಿ, ಮೂರನೆಯದರಲ್ಲಿ ಉತ್ತರ ಕೊಡುತ್ತಾರೆ. ಪ್ರತಿ ಸಾಲಿನಲ್ಲೂ ಹಾಡು ಸುಮಾರು ಎರಡು ಬೆರಳಿನಷ್ಟು ಮಾತ್ರ. ಉಳಿದೆರಡು ಬೆರಳು ವಾದ್ಯದ್ದು. ಮನುಷ್ಯ ಕೇಳುತ್ತಾನೆ, ಗಿಟಾರ್ ಹೇಳುತ್ತದೆ. ಹೊಲದಲ್ಲಿ ಒಬ್ಬ ಕೂಗಿ ಉಳಿದವರು ಓಗೊಡುತ್ತಿದ್ದ ದುಡಿಮೆಯ ಹಾಡುಗಳಿಂದ ಬಂದ ಪದ್ಧತಿ ಇದು.

ಎರಡನೆಯ ಹೆಜ್ಜೆ: ಎರಡು ಗಾಂಧಾರಗಳ ನಡುವಿನ ಜಾಗ

ಗಿಟಾರ್ ತರಗತಿಗಳಲ್ಲಿ ‘ಬ್ಲೂಸ್ ಸ್ಕೇಲ್’ ಎಂದು ಆರು ಸ್ವರ ಬರೆಸಿ ಮುಂದಕ್ಕೆ ಹೋಗುತ್ತಾರೆ. ಅದರ ತಿರುಳಾದ ಐದು ಸ್ವರಗಳು ನಮ್ಮ ಶುದ್ಧ ಧನ್ಯಾಸಿಯ ಸ್ವರಗಳೇ: ಸ, ಸಾಧಾರಣ ಗಾಂಧಾರ, ಶುದ್ಧ ಮಧ್ಯಮ, ಪ, ಕೈಶಿಕಿ ನಿಷಾದ. ಸಂಗೀತ ಕಲಿತವರಿಗೆ ಇದು ಒಳ್ಳೆಯ ಮೆಟ್ಟಿಲು. ಆದರೆ ಅಲ್ಲೇ ನಿಂತರೆ ಬ್ಲೂಸ್ ಸಿಗುವುದಿಲ್ಲ. ಅದು ರಾಗವಲ್ಲ, ಅದರ ನಡೆ ಬೇರೆ.

ಹಾರ್ಮೋನಿಯಂ ಮುಂದೆ ಕುಳಿತು ಷಡ್ಜ, ಅಂತರ ಗಾಂಧಾರ, ಪಂಚಮ ಮೂರನ್ನೂ ಒಟ್ಟಿಗೆ ಒತ್ತಿಹಿಡಿಯಿರಿ. ಬ್ಲೂಸ್‌ನ ಕಾರ್ಡ್ ಹೆಚ್ಚಾಗಿ ಇದೇ. ಇದರ ಮೇಲೆ ಸಾಧಾರಣ ಗಾಂಧಾರವನ್ನು ಬಾಯಲ್ಲಿ ಹಾಡಿ, ನಿಧಾನವಾಗಿ ಮೇಲಕ್ಕೆ ಎಳೆಯಿರಿ, ಅಂತರ ಗಾಂಧಾರ ಮುಟ್ಟುವ ಮುನ್ನ ನಿಲ್ಲಿಸಿ. ಒಳಗೆ ಏನೋ ಉರಿದಂತಾಗುತ್ತದೆ. ಹಾರ್ಮೋನಿಯಂನಲ್ಲಿ ಆ ಜಾಗಕ್ಕೆ ಕೀಲಿಯೇ ಇಲ್ಲ. ‘ಬ್ಲೂ ನೋಟ್’ ಎನ್ನುವುದು ಅದನ್ನೇ. ಗಮಕ ಕೇಳಿ ಬೆಳೆದ ಕಿವಿಗೆ ಇದು ಬೇಗ ಹಿಡಿಯುತ್ತದೆ ಎಂಬುದು ನನ್ನ ಅನುಭವ. ನಿಷಾದದಲ್ಲೂ, ಒಮ್ಮೊಮ್ಮೆ ಪಂಚಮದಲ್ಲೂ ಇದೇ ಬಗೆಯ ಎಳೆತವಿದೆ.

ಮೂರನೆಯ ಹೆಜ್ಜೆ: ಜೋಡಿ ಹಾಡುಗಳು

ಇದು ಈ ಅಭ್ಯಾಸದ ಎದೆ. ಎರಡು ವಾರ ಇಲ್ಲೇ ಕಳೆಯಿರಿ.

ಮೊದಲ ಜೋಡಿಗೆ ರಾಕ್ ಆಂಡ್ ರೋಲ್ ಗಾಯಕ, ಗಿಟಾರ್ ವಾದಕ ಚಕ್ ಬೆರಿಯ ‘ಜಾನಿ ಬಿ. ಗುಡ್’ ತೆಗೆದುಕೊಳ್ಳಿ, 1958ರದು. ಆರಂಭದ ಗಿಟಾರ್ ತುಣುಕನ್ನು ಐದಾರು ಸಲ ಕೇಳಿ, ಬಾಯಲ್ಲಿ ಗುನುಗಲು ಬರಬೇಕು. ಈಗ ಎಡಪುಟಕ್ಕೆ ಲೂಯಿಸ್ ಜೋರ್ಡನ್ ತಂಡದ ‘ಏಂಟ್ ದಟ್ ಜಸ್ಟ್ ಲೈಕ್ ಎ ವುಮನ್’, 1946. ಸೂಜಿ ಕೂತ ತಕ್ಷಣ ಬರುವುದು ಅದೇ ತುಣುಕು! ನುಡಿಸಿದವನು ಕಾರ್ಲ್ ಹೋಗನ್ ಎಂಬ ಗಿಟಾರ್ ವಾದಕ. ಬೆರಿ ಇದನ್ನು ಮುಚ್ಚಿಡಲಿಲ್ಲ, ತಾನೇ ಹೇಳಿಕೊಂಡ. ಎರಡು ತಂತಿಗಳನ್ನು ಒಟ್ಟಿಗೆ ಮೀಟಿ ಬಾಗಿಸುವುದನ್ನು ಅವನು ಕಲಿತದ್ದು ಟಿ-ಬೋನ್ ವಾಕರ್‌ನಿಂದ. ವಾಕರ್‌ನ 1947ರ ‘ಕಾಲ್ ಇಟ್ ಸ್ಟಾರ್ಮಿ ಮಂಡೇ’ ಕೇಳಿದರೆ ಆ ಕೊಂಡಿಯೂ ಕಾಣುತ್ತದೆ. ಬೆರಳೆಣಿಕೆಯಲ್ಲಿ ಒಂದು ವ್ಯತ್ಯಾಸ ಗಮನಿಸಿ: ‘ಜಾನಿ ಬಿ. ಗುಡ್’ನ ಕೆಳಸಾಲಿನಲ್ಲಿ ನಡುಬೆರಳು ಮಧ್ಯಮಕ್ಕೆ ಇಳಿಯದೆ ಪಂಚಮದಲ್ಲೇ ಉಳಿಯುತ್ತದೆ.

ಬೆರಿಯ ಇನ್ನೊಂದು ಬೇರು ಬಿಳಿಯರ ಹಳ್ಳಿಸಂಗೀತದಲ್ಲಿದೆ. 1955ರ ‘ಮೇಬಲೀನ್’ ಹುಟ್ಟಿದ್ದು ಬಾಬ್ ವಿಲ್ಸ್ 1938ರಲ್ಲಿ ಮುದ್ರಿಸಿದ ‘ಐಡಾ ರೆಡ್’ ಎಂಬ ಪಿಟೀಲು ಕುಣಿತದ ಹಾಡಿನಿಂದ. ಸೇಂಟ್ ಲೂಯಿಸ್ ನಗರದ ಕಪ್ಪು ತರುಣನೊಬ್ಬ ಅದನ್ನು ಹಿಡಿದು, ಕಾರು ಓಟದ ಕಥೆ ಹೆಣೆದು, ಬೇರೆಯದೇ ಮಾಡಿದ. ರಾಕ್ ಆಂಡ್ ರೋಲ್ ಎಂದರೆ ಬ್ಲೂಸ್‌ನ ವೇಗದ ರೂಪ ಅಷ್ಟೇ ಎನ್ನುವವರಿಗೆ ಈ ಜೋಡಿ ಉತ್ತರ.

ಎರಡನೆಯ ಜೋಡಿ ಮತ್ತೆ ‘ಹೌಂಡ್ ಡಾಗ್’. ಬಿಗ್ ಮಾಮಾ ಥಾರ್ನ್‌ಟನ್ ಇದನ್ನು ಹಾಡಿದ್ದು 1952ರ ಆಗಸ್ಟ್‌ನಲ್ಲಿ, ಲಾಸ್ ಏಂಜಲೀಸ್‌ನಲ್ಲಿ. ರೆಕಾರ್ಡು ಬಂದದ್ದು 1953ರಲ್ಲಿ. ಮನೆಬಾಗಿಲಲ್ಲಿ ಬಾಲ ಅಲ್ಲಾಡಿಸುತ್ತ ನಿಂತ ಸೋಮಾರಿ ಗಂಡಸನ್ನು ಹೆಂಗಸೊಬ್ಬಳು ಬೈದು ಅಟ್ಟುವ ಹಾಡು ಅದು. ಅವಳ ಕಂಠದಲ್ಲಿ ಬೈಗುಳವೂ ಇದೆ, ನಗುವೂ ಇದೆ, ನಡುನಡುವೆ ಗಿಟಾರಿಗೆ ಕೂಗಿ ಹುರಿದುಂಬಿಸುವುದೂ ಇದೆ. ಪ್ರೆಸ್ಲಿಯ ಹಾಡಿನಲ್ಲಿ ಗಂಡಸು ಮಾಯವಾಗಿ ಮೊಲ ಹಿಡಿಯಲಾರದ ನಾಯಿ ಮಾತ್ರ ಉಳಿದಿದೆ. ಇಷ್ಟರಿಂದಲೇ ‘ಬಿಳಿಯ ಕದ್ದ’ ಎಂದು ಬರೆದುಬಿಡಬೇಡಿ. ಥಾರ್ನ್‌ಟನ್‌ಗೆ ಈ ಹಾಡು ಬರೆದುಕೊಟ್ಟವರು ಜೆರ್ರಿ ಲೀಬರ್ ಮತ್ತು ಮೈಕ್ ಸ್ಟೋಲರ್, ಬ್ಲೂಸ್ ಹುಚ್ಚು ಹತ್ತಿಸಿಕೊಂಡಿದ್ದ ಇಬ್ಬರು ಬಿಳಿಯ ಹುಡುಗರು. ಅದಕ್ಕೇ ಬರೆದವರ ಹೆಸರನ್ನು ತಪ್ಪದೆ ಟಿಪ್ಪಣಿ ಮಾಡಿ ಎಂದದ್ದು.

ಮೂರನೆಯ ಜೋಡಿಯಲ್ಲಿ ನೋವಿದೆ. ಪ್ರೆಸ್ಲಿಯ ಮೊದಲ ರೆಕಾರ್ಡು ‘ದಟ್ಸ್ ಆಲ್ ರೈಟ್’, ಮೆಂಫಿಸ್‌ನ ಸನ್ ಕಂಪನಿಯದು, ಹಾಡಿದ ದಿನ 1954ರ ಜುಲೈ 5. ಅದರ ಎಡಪುಟ ಮಿಸಿಸಿಪ್ಪಿಯ ಆರ್ಥರ್ ಕ್ರೂಡಪ್ 1946ರಲ್ಲಿ ತಾನೇ ಬರೆದು ಹಾಡಿದ ಹಾಡು. ಪ್ರೆಸ್ಲಿ ಅವನ ಹೆಸರನ್ನು ಬಹಿರಂಗವಾಗಿಯೇ ಹೇಳಿದ್ದ. ಆದರೂ ಕ್ರೂಡಪ್ 1974ರಲ್ಲಿ ತೀರಿಕೊಳ್ಳುವವರೆಗೆ ಅವನಿಗೆ ಸಲ್ಲಬೇಕಾದ ಗೌರವಧನ ಕೈ ಸೇರಲಿಲ್ಲ. ಜೀವನಕ್ಕೆ ಕೂಲಿ ಕೆಲಸವೇ ಗತಿಯಾಯಿತು. ‘ಮೇಬಲೀನ್’ನ ಮೊದಲ ಮುದ್ರಣದಲ್ಲಿ ಬೆರಿಯ ಹೆಸರಿನ ಜೊತೆಗೆ ರೇಡಿಯೋ ನಿರೂಪಕ ಅಲನ್ ಫ್ರೀಡ್‌ನ ಹೆಸರೂ ಇನ್ನೊಬ್ಬನ ಹೆಸರೂ ಬರೆದವರೆಂದು ಅಚ್ಚಾಗಿದ್ದವು. ಹಾಡನ್ನು ರೇಡಿಯೋದಲ್ಲಿ ಓಡಿಸಲು ತೆತ್ತ ಬೆಲೆ ಅದು. ಪೂರ್ಣ ಹಕ್ಕು ಬೆರಿಗೆ ಮರಳಿದ್ದು 1986ರಲ್ಲಿ. ಹಾಡಿನ ವಂಶಾವಳಿ ಬರೆಯುವವರು ಹಣದ ವಂಶಾವಳಿಯನ್ನೂ ಬರೆಯಲೇಬೇಕು ಎಂದು ನಾನು ಒತ್ತಿ ಹೇಳುತ್ತೇನೆ.

ಜೋಡಿ ಬೇಡದ ಒಬ್ಬಳಿದ್ದಾಳೆ: ಸಿಸ್ಟರ್ ರೊಸೆಟ್ಟಾ ಥಾರ್ಪ್. ಇಗರ್ಜಿಯ ಭಕ್ತಿಗೀತೆಗಳನ್ನು ಎಲೆಕ್ಟ್ರಿಕ್ ಗಿಟಾರ್ ಹಿಡಿದು ಹಾಡಿದವಳು. 1944ರ ‘ಸ್ಟ್ರೇಂಜ್ ಥಿಂಗ್ಸ್ ಹ್ಯಾಪನಿಂಗ್ ಎವ್ರಿ ಡೇ’ ಕೇಳಿ, ರಾಕ್ ಆಂಡ್ ರೋಲ್ ಹುಟ್ಟಿದ ವರ್ಷ 1954 ಎಂಬ ಮಾತು ಅಲ್ಲೇ ಅಲುಗಾಡುತ್ತದೆ. 1964ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ, ಬಳಕೆ ತಪ್ಪಿದ ರೈಲು ನಿಲ್ದಾಣವೊಂದರ ಪ್ಲಾಟ್‌ಫಾರಂ ಮೇಲೆ ಕೋಟು ತೊಟ್ಟು ಅವಳು ಗಿಟಾರ್ ನುಡಿಸುವ ದೃಶ್ಯ ಉಳಿದುಬಂದಿದೆ. ಅವಳ ಬಲಗೈಯನ್ನೇ ನೋಡಿ. ರಾಕ್ ಆಂಡ್ ರೋಲ್ ಹಾಲ್ ಆಫ್ ಫೇಮ್ ಅವಳನ್ನು ಸೇರಿಸಿಕೊಂಡದ್ದು 2018ರಲ್ಲಿ, ಅವಳು ತೀರಿಕೊಂಡು ನಲವತ್ತೈದು ವರ್ಷಗಳ ಮೇಲೆ.

ನಾಲ್ಕನೆಯ ಹೆಜ್ಜೆ: ಹೆಸರುಗಳನ್ನು ಅನುಮಾನಿಸಿ

‘ಮೊಟ್ಟಮೊದಲ ರಾಕ್ ಆಂಡ್ ರೋಲ್ ರೆಕಾರ್ಡು ಯಾವುದು’ ಎಂಬ ಚರ್ಚೆಗೆ ಹೆಚ್ಚು ಸಮಯ ಕೊಡಬೇಡಿ. ಹಲವರು 1951ರ ‘ರಾಕೆಟ್ 88’ ಎನ್ನುತ್ತಾರೆ. ಮೆಂಫಿಸ್‌ನ ಸ್ಟುಡಿಯೋಗೆ ಬರುವ ದಾರಿಯಲ್ಲಿ ಗಿಟಾರ್ ಆಂಪ್ಲಿಫೈಯರ್‌ನ ಸ್ಪೀಕರ್ ಕೆಟ್ಟಿತ್ತು, ಒಳಗೆ ಕಾಗದ ತುರುಕಿ ನುಡಿಸಿದರು. ಹಾಗೆ ಬಂದ ಒರಟು ಗುಂಯ್‌ಗುಡುವಿಕೆ ಕೇಳಲೇಬೇಕಾದ್ದು. ಇನ್ನು ಕೆಲವರು ನ್ಯೂ ಆರ್ಲಿಯನ್ಸ್‌ನ ಫ್ಯಾಟ್ಸ್ ಡಾಮಿನೋ 1949ರ ಡಿಸೆಂಬರ್‌ನಲ್ಲಿ ಮುದ್ರಿಸಿದ ‘ದ ಫ್ಯಾಟ್ ಮ್ಯಾನ್’ ಎನ್ನುತ್ತಾರೆ. ಎರಡನ್ನೂ ಕೇಳಿ ಮುಂದೆ ನಡೆಯಿರಿ. ‘ರಾಕ್’, ‘ರೋಲ್’ ಎಂಬ ಮಾತುಗಳು ಟ್ರಿಕ್ಸಿ ಸ್ಮಿತ್‌ಳ 1922ರ ಹಾಡಿನ ಹೆಸರಿನಲ್ಲೇ ಇವೆ.

ಮುಖ್ಯವಾದದ್ದು ಬೇರೆ. ಕಪ್ಪು ಜನರ ರೆಕಾರ್ಡುಗಳನ್ನು ಕಂಪನಿಗಳು ‘ರೇಸ್ ರೆಕಾರ್ಡ್ಸ್’ ಎಂದು ಬೇರೆ ಪಟ್ಟಿಯಲ್ಲಿ ಮಾರುತ್ತಿದ್ದವು. ಬಿಲ್‌ಬೋರ್ಡ್ ಪತ್ರಿಕೆ 1949ರ ಜೂನ್‌ನಲ್ಲಿ ಆ ಪಟ್ಟಿಗೆ ‘ರಿದಮ್ ಆಂಡ್ ಬ್ಲೂಸ್’ ಎಂದು ಹೆಸರಿಟ್ಟಿತು. ಕ್ಲೀವ್‌ಲ್ಯಾಂಡ್‌ನ ರೇಡಿಯೋದಲ್ಲಿ ಅಲನ್ ಫ್ರೀಡ್ 1951ರಿಂದ ಅದೇ ರೆಕಾರ್ಡುಗಳನ್ನು ಬಿಳಿಯ ಹುಡುಗರಿಗೂ ಕೇಳಿಸುತ್ತ ‘ರಾಕ್ ಆಂಡ್ ರೋಲ್’ ಎಂದ. ಹಾಡು ಅದೇ, ಅಂಗಡಿಯ ಬೋರ್ಡು ಬೇರೆ. ಕೊಳ್ಳುವವರು ಯಾರು ಎಂಬುದರ ಮೇಲೆ ಹೆಸರು ಬದಲಾಯಿತು.

ಐದನೆಯ ಹೆಜ್ಜೆ: ಒಬ್ಬನೇ ಗಾಯಕ, ಎರಡು ಊರು

ಮಿಸಿಸಿಪ್ಪಿಯ ‘ಡೆಲ್ಟಾ’ ನದಿ ಕಡಲು ಸೇರುವ ಜಾಗವಲ್ಲ. ಆ ರಾಜ್ಯದ ವಾಯವ್ಯದಲ್ಲಿ ಮಿಸಿಸಿಪ್ಪಿ ಮತ್ತು ಯಾಜೂ ನದಿಗಳ ನಡುವಿನ ಚಪ್ಪಟೆ ಕಪ್ಪು ಮಣ್ಣಿನ ಹತ್ತಿ ನಾಡು ಅದು. ಗುಲಾಮಗಿರಿ 1865ರಲ್ಲಿ ಕಾನೂನಿನಂತೆ ಮುಗಿಯಿತು. ಅದರ ಜಾಗಕ್ಕೆ ಬಂದದ್ದು ನಮ್ಮಲ್ಲಿ ವಾರ, ಕೋರು ಎನ್ನುವ ಬಗೆಯ ಪಾಲಿನ ಬೇಸಾಯ. ನೆಲ ಧಣಿಯದು, ಬೀಜ ಧಣಿಯದು, ಕಾಳುಕಡಿ ತರುವ ಅಂಗಡಿಯೂ ಧಣಿಯದು, ಲೆಕ್ಕದ ಪುಸ್ತಕವೂ ಅವನದೇ. ವರ್ಷದ ಕೊನೆಗೆ ಸಾಲ ಉಳಿಯುತ್ತಿತ್ತು. 1910ರಿಂದ 1970ರ ನಡುವೆ ಸುಮಾರು 60 ಲಕ್ಷ ಕಪ್ಪು ಜನ ದಕ್ಷಿಣ ಬಿಟ್ಟು ಉತ್ತರಕ್ಕೆ, ಪಶ್ಚಿಮಕ್ಕೆ ಹೋದರು. ಡೆಲ್ಟಾದವರಿಗೆ ಇಲಿನಾಯ್ ಸೆಂಟ್ರಲ್ ರೈಲು ನೇರ ಶಿಕಾಗೋಗೆ ಒಯ್ಯುತ್ತಿತ್ತು.

ಈ ಇತಿಹಾಸವನ್ನು ಓದುವುದಕ್ಕಿಂತ ಕೇಳುವುದು ಮೇಲು. 1941ರ ಆಗಸ್ಟ್‌ನಲ್ಲಿ ಅಮೆರಿಕದ ಸಂಸತ್ ಗ್ರಂಥಾಲಯದ ಅಲನ್ ಲೋಮಾಕ್ಸ್ ಮತ್ತು ಫಿಸ್ಕ್ ವಿಶ್ವವಿದ್ಯಾಲಯದ ಜಾನ್ ವರ್ಕ್ ಸ್ಟೋವಾಲ್ ತೋಟಕ್ಕೆ ಹೋಗಿ, ಅಲ್ಲಿ ದುಡಿಯುತ್ತಿದ್ದ ಮಡಿ ವಾಟರ್ಸ್ ಎಂಬ ತರುಣನ ಹಾಡು ಮುದ್ರಿಸಿಕೊಂಡರು. ಅದರಲ್ಲಿ ‘ಐ ಬೀಸ್ ಟ್ರಬಲ್ಡ್’ ಎಂಬುದನ್ನು ಆರಿಸಿಕೊಳ್ಳಿ. ಮರದ ಗಿಟಾರ್, ತಂತಿಯ ಮೇಲೆ ಜಾರುವ ಬಾಟಲಿಯ ಕುತ್ತಿಗೆ, ಸುತ್ತ ನಿಶ್ಶಬ್ದ. 1943ರಲ್ಲಿ ವಾಟರ್ಸ್ ಶಿಕಾಗೋ ರೈಲು ಹತ್ತಿದ. 1948ರಲ್ಲಿ ಅದೇ ಹಾಡು ‘ಐ ಕಾಂಟ್ ಬಿ ಸ್ಯಾಟಿಸ್ಫೈಡ್’ ಎಂಬ ಹೆಸರಿನಲ್ಲಿ ಎಲೆಕ್ಟ್ರಿಕ್ ಗಿಟಾರಿನೊಂದಿಗೆ ಬಂತು. ಒಂದಾದ ಮೇಲೆ ಒಂದು ಹಾಕಿ. ರಾಗ ಅದೇ, ಬೆರಳು ಅದೇ, ಆದರೆ ಗಿಟಾರಿನ ದನಿ ಲೋಹದಂತೆ ಹೊಳೆಯುತ್ತದೆ. ಗದ್ದಲದ ಹೋಟೆಲಿನಲ್ಲಿ, ಕುಡಿದು ಮಾತಾಡುವವರ ನಡುವೆ ಕೇಳಿಸಬೇಕಾದ ದನಿ ಅದು. ಶಿಕಾಗೋ ಬ್ಲೂಸ್ ಎಂದರೇನು ಎಂದು ನನ್ನನ್ನು ಕೇಳಿದವರಿಗೆಲ್ಲ ನಾನು ಕೊಡುವ ಉತ್ತರ ಈ ಎರಡು ರೆಕಾರ್ಡುಗಳು. ಚಕ್ ಬೆರಿಯನ್ನು ಶಿಕಾಗೋದ ಚೆಸ್ ಎಂಬ ರೆಕಾರ್ಡು ಕಂಪನಿಯ ಬಾಗಿಲಿಗೆ ಕಳಿಸಿದವನೂ ಇದೇ ವಾಟರ್ಸ್. ಅವನ 1950ರ ಹಾಡೊಂದರಿಂದಲೇ ಲಂಡನ್ನಿನ ರೋಲಿಂಗ್ ಸ್ಟೋನ್ಸ್ ತಂಡ ಹೆಸರು ಪಡೆಯಿತು. ಶಿಕಾಗೋ ಸುತ್ತಮುತ್ತ ಇರುವ ಕನ್ನಡಿಗರು 2120 ಸೌತ್ ಮಿಷಿಗನ್ ಅವೆನ್ಯೂಗೆ ಹೋದರೆ ಚೆಸ್‌ನ ಹಳೆಯ ಕಟ್ಟಡವನ್ನೇ ನೋಡಬಹುದು.

ಆರನೆಯ ಹೆಜ್ಜೆ: ದಂತಕಥೆಗೆ ದಿನಾಂಕ ಕೇಳಿ

ಬ್ಲೂಸ್‌ನ ಬಗ್ಗೆ ನಾಲ್ಕು ಮಾತು ಓದಿದವರಿಗೂ ಗೊತ್ತಿರುವ ಕಥೆ: ಡೆಲ್ಟಾದ ಗಾಯಕ ರಾಬರ್ಟ್ ಜಾನ್ಸನ್ ನಡುರಾತ್ರಿ ನಾಲ್ಕು ದಾರಿ ಕೂಡುವಲ್ಲಿ ಸೈತಾನನಿಗೆ ಆತ್ಮ ಮಾರಿ ಗಿಟಾರ್ ವಿದ್ಯೆ ಪಡೆದ. ಈ ಕಥೆ ಮೊದಲು ಟಾಮಿ ಜಾನ್ಸನ್ ಎಂಬ ಬೇರೊಬ್ಬನ ಬಗ್ಗೆ ಅವನ ಅಣ್ಣ ಹೇಳಿದ್ದು. ರಾಬರ್ಟ್‌ಗೆ ಕಲಿಸಿದ ಗುರು ಮನುಷ್ಯನೇ, ಹೆಸರು ಐಕ್ ಝಿಮರ್‌ಮನ್. ಹೆಣಗಿ ಕಲಿತ ಕಪ್ಪು ಕಲಾವಿದನ ಸಾಧನೆಯನ್ನು ಸೈತಾನನ ಖಾತೆಗೆ ಬರೆಯುವುದು ನನಗೆ ಸಹಿಸಲಾಗದ ಮಾತು. ಅವನು ಬಿಟ್ಟುಹೋದದ್ದು 1936ರ ನವೆಂಬರ್‌ನಲ್ಲಿ ಸ್ಯಾನ್ ಆಂಟೋನಿಯೋದಲ್ಲಿ, 1937ರ ಜೂನ್‌ನಲ್ಲಿ ಡಲ್ಲಾಸ್‌ನಲ್ಲಿ ಮುದ್ರಿಸಿದ 29 ಹಾಡು. ಎಡಗೈ ಜಾರುಸ್ವರ ನುಡಿಸುವಾಗ ಬಲ ಹೆಬ್ಬೆರಳು ಪಿಯಾನೋದ ಎಡಗೈಯಂತೆ ಕೆಳಸ್ವರಗಳನ್ನು ನಡೆಸುತ್ತದೆ. ಅದನ್ನು ಕೇಳಿ.

ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ದಿನಾಂಕವೇ ಸರಿಪಡಿಸುತ್ತದೆ. ಬ್ಲೂಸ್ ಎಂದರೆ ಗಿಟಾರ್ ಹಿಡಿದ ಒಂಟಿ ಗಂಡಸು ಎಂಬ ಚಿತ್ರ ಎಲ್ಲೆಡೆ ಇದೆ. ರೆಕಾರ್ಡಿಗೆ ಮೊದಲು ಬಂದವರು ಹೆಂಗಸರು. ಮೇಮಿ ಸ್ಮಿತ್ 1920ರ ಆಗಸ್ಟ್ 10ರಂದು ನ್ಯೂಯಾರ್ಕ್‌ನಲ್ಲಿ ‘ಕ್ರೇಜಿ ಬ್ಲೂಸ್’ ಹಾಡಿದಳು, ಅದರ ಮಾರಾಟ ನೋಡಿದ ಮೇಲೆ ಕಂಪನಿಗಳ ಕಣ್ಣು ತೆರೆಯಿತು. ಆಮೇಲೆ ಮಾ ರೇನಿ, ಬೆಸ್ಸಿ ಸ್ಮಿತ್. ಡೆಲ್ಟಾದ ಗಿಟಾರ್ ಗಾಯಕ ಚಾರ್ಲಿ ಪ್ಯಾಟನ್ ಮೊದಲ ಸಲ ಮೈಕಿನ ಮುಂದೆ ಕುಳಿತದ್ದು 1929ರಲ್ಲಿ.

ಬೆಸ್ಸಿಯ ‘ಬ್ಯಾಕ್‌ವಾಟರ್ ಬ್ಲೂಸ್’ ಮೇಲೆ ಒಂದು ಅಭ್ಯಾಸ ಮಾಡಿ. ಐದು ದಿನ ಸುರಿದ ಮಳೆ, ಮನೆ ಬಿಟ್ಟು ದೋಣಿ ಹತ್ತಿದ ಹೆಂಗಸು. 1927ರ ಮಿಸಿಸಿಪ್ಪಿ ಮಹಾಪ್ರವಾಹದ ಹಾಡು ಎಂದು ಎಷ್ಟೋ ಕಡೆ ಬರೆದಿದ್ದಾರೆ. ಸೂಚಿಯಲ್ಲಿ ದಿನಾಂಕ ನೋಡಿ: ಫೆಬ್ರವರಿ 17, 1927. ಡೆಲ್ಟಾದ ದೊಡ್ಡ ಒಡ್ಡು ಒಡೆದದ್ದು ಏಪ್ರಿಲ್ 21ರಂದು. ಹಾಡು ಮೊದಲು, ನೆರೆ ಆಮೇಲೆ. ಮುಳುಗಿದವರು ಅದನ್ನು ತಮ್ಮದೇ ಹಾಡೆಂದು ಎತ್ತಿಕೊಂಡರು.

ಕೊನೆಯ ಹೆಜ್ಜೆ: ಒಂದು ತಂತಿ

ಹಿಂದಕ್ಕೆ ನಡೆದು ನಡೆದು ರೆಕಾರ್ಡುಗಳೇ ಇಲ್ಲದ ಕಾಲಕ್ಕೆ ಬಂದೆವು. 1903ರ ಸುಮಾರಿಗೆ ಡಬ್ಲ್ಯೂ. ಸಿ. ಹ್ಯಾಂಡಿ ಎಂಬ ಬ್ಯಾಂಡ್ ನಾಯಕ ಡೆಲ್ಟಾದ ಟಟ್‌ವೈಲರ್ ಊರಿನ ರೈಲು ನಿಲ್ದಾಣದಲ್ಲಿ ಗಿಟಾರಿನ ತಂತಿಗೆ ಚಾಕು ಒತ್ತಿ ನುಡಿಸುತ್ತಿದ್ದ ಹರಕು ಬಟ್ಟೆಯ ಮನುಷ್ಯನೊಬ್ಬನನ್ನು ಕೇಳಿದ. ಅಷ್ಟು ವಿಚಿತ್ರ ಸಂಗೀತವನ್ನು ಎಂದೂ ಕೇಳಿರಲಿಲ್ಲ ಎಂದು ಮುಂದೆ ಆತ್ಮಕಥೆಯಲ್ಲಿ ಬರೆದ. ಡೆಲ್ಟಾದ ಬಡಮಕ್ಕಳು ಗಿಟಾರ್ ಇಲ್ಲದೆ, ಪೊರಕೆಯ ತಂತಿ ಬಿಚ್ಚಿ ಮನೆಯ ಮರದ ಗೋಡೆಗೆ ಮೊಳೆ ಹೊಡೆದು ಬಿಗಿದು ಕಲಿಯುತ್ತಿದ್ದರು. ಡಿಡ್ಲಿ ಬೋ ಎಂದು ಅದಕ್ಕೆ ಹೆಸರು. ಅದನ್ನು ನೀವು ಮಾಡಿಯೇ ತೀರಬೇಕು.

ಸುಮಾರು ಒಂದು ಮೀಟರ್ ಉದ್ದದ ದಪ್ಪ ಹಲಗೆ, ಎರಡು ಗಟ್ಟಿ ಮೊಳೆ, ತೆಳುವಾದ ಉಕ್ಕಿನ ತಂತಿ (ಗಿಟಾರ್ ತಂತಿಯಾದರೆ ಉತ್ತಮ, ಆದರೆ ಉದ್ದ ಸಾಲುವುದೇ ನೋಡಿಕೊಳ್ಳಿ), ಎರಡು ಸಣ್ಣ ಗಾಜಿನ ಸೀಸೆ, ಜಾರಿಸಲು ಇನ್ನೊಂದು ಪುಟ್ಟ ಸೀಸೆ. ಮೊಳೆಗಳ ನಡುವೆ ತಂತಿ ಕಟ್ಟಿ, ಎರಡೂ ತುದಿಯಲ್ಲಿ ಸೀಸೆಗಳನ್ನು ಅಡಿಗೆ ತುರುಕಿ ತಂತಿಯನ್ನು ಎತ್ತಿ ಬಿಗಿಯಿರಿ. ಬಿಗಿಯುವಾಗ ಮುಖ ದೂರವಿರಲಿ, ಕನ್ನಡಕ ಹಾಕಿಕೊಳ್ಳಿ, ತುಂಡಾದ ತಂತಿ ಕಣ್ಣಿಗೆ ಅಪಾಯ. ಸೀಸೆಯಿಂದ ಸೀಸೆಗೆ 90 ಸೆಂಟಿಮೀಟರ್ ಇರುವಂತೆ ಹೊಂದಿಸಿ. ಬಲಗೈಯಲ್ಲಿ ಒಂದು ತುದಿಯ ಹತ್ತಿರ ಮೀಟುತ್ತ, ಎಡಗೈಯಲ್ಲಿ ಇನ್ನೊಂದು ಪುಟ್ಟ ಸೀಸೆಯನ್ನು ತಂತಿಯ ಮೇಲೆ ಹಗುರವಾಗಿ ಜಾರಿಸಿ.

ಬಿಟ್ಟ ತಂತಿ ಷಡ್ಜ. ಎಡತುದಿಯಿಂದ 45 ಸೆಂಟಿಮೀಟರಿಗೆ ತಾರಷಡ್ಜ, 30ಕ್ಕೆ ಪಂಚಮ, ಇಪ್ಪತ್ತೆರಡೂವರೆಗೆ ಮಧ್ಯಮ. ಪೆನ್ಸಿಲಿನಿಂದ ಗುರುತು ಹಾಕಿ. 18ರಲ್ಲಿ ಅಂತರ ಗಾಂಧಾರ, 15ರಲ್ಲಿ ಸಾಧಾರಣ ಗಾಂಧಾರ. ಹಾರ್ಮೋನಿಯಂನಲ್ಲಿ ಇಲ್ಲದ ಜಾಗ ಈ ಮೂರು ಸೆಂಟಿಮೀಟರಿನೊಳಗಿದೆ. ಸೀಸೆಯನ್ನು 15ರಿಂದ ಹೊರಡಿಸಿ 18ನ್ನು ಮುಟ್ಟದೆ ನಡುಗಿಸಿ.

ಕೈ ಕುದುರಿದ ಮೇಲೆ ಬ್ಲೈಂಡ್ ವಿಲ್ಲಿ ಜಾನ್ಸನ್ 1927ರ ಡಿಸೆಂಬರ್‌ನಲ್ಲಿ ಡಲ್ಲಾಸ್‌ನಲ್ಲಿ ಮುದ್ರಿಸಿದ ‘ಡಾರ್ಕ್ ವಾಸ್ ದ ನೈಟ್’ ಹಾಕಿಕೊಳ್ಳಿ. ಅದರಲ್ಲಿ ಒಂದು ಪದವೂ ಇಲ್ಲ, ಗುನುಗುವಿಕೆ ಮತ್ತು ಜಾರುವ ಗಿಟಾರ್ ಅಷ್ಟೇ. 1977ರಲ್ಲಿ ವಾಯೇಜರ್ ಬಾಹ್ಯಾಕಾಶ ನೌಕೆಗಳು ಹೊತ್ತೊಯ್ದ ಚಿನ್ನದ ರೆಕಾರ್ಡಿನಲ್ಲಿ ಇದೂ ಇದೆ, ‘ಜಾನಿ ಬಿ. ಗುಡ್’ ಕೂಡ ಇದೆ, ಮಲ್ಲಿಕಾರ್ಜುನ ಮನ್ಸೂರರು ಸೇರಿದ ಅದೇ ಜೈಪುರ ಅತ್ರೌಲಿ ಘರಾಣೆಯ ಕೇಸರಬಾಯಿ ಕೇರ್ಕರ್ ಅವರ ಭೈರವಿಯೂ ಇದೆ. ನಿಮ್ಮ ತಂತಿಯನ್ನು ಅವನ ಷಡ್ಜಕ್ಕೆ ಹೊಂದಿಸಿ, ಅವನು ಗುನುಗಿ ನಿಲ್ಲಿಸಿದಲ್ಲಿ ನೀವು ನುಡಿಸಿ. ಮುಗಿದ ಮೇಲೆ ತಂತಿಯನ್ನು ಸ್ವಲ್ಪ ಸಡಿಲಿಸಿಡಿ, ಹಲಗೆ ಬಾಗದೆ ನಾಳೆಗೂ ಉಳಿಯುತ್ತದೆ.